ಭೇದಿ ವಾಸಿಯಾಯ್ತು, ಈಗ ಕಾಲಲ್ಲಿ ಕಲೆ ಯಾಕೆ? – ಓದುಗರ ಪ್ರಶ್ನೆ, ವೈದ್ಯರ ಉತ್ತರ

ಭೇದಿಯ ಬಗ್ಗೆ ಬರೆದ ಹಿಂದಿನ ಅಂಕಣದಲ್ಲಿ ಒಂದೇ ಒಂದು ಸಾಲು ಇತ್ತು: ಕರುಳಿನ ಸೋಂಕು ಕೆಲವರಲ್ಲಿ ಮೈಯ ರಕ್ತನಾಳಗಳ ಉರಿಯೂತಕ್ಕೂ (ವೈದ್ಯರ ಮಾತಲ್ಲಿ ವ್ಯಾಸ್ಕುಲೈಟಿಸ್) ದಾರಿ ಮಾಡುತ್ತದೆ ಅಂತ. ಆ ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಬರಹಕ್ಕೆ ಬರಲಿಲ್ಲ. ಹಾಗಾಗಿ ಈ ಸಲದ ಜಾಗವೆಲ್ಲ ಅದಕ್ಕೇ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ಬಿಟ್ಟಿದ್ದೇನೆ. ಫೋಟೋ ಕಳಿಸಿ "ಇದು ಅದೇನಾ ಡಾಕ್ಟ್ರೇ" ಎಂದು ಕೇಳಿದವರಿಗೆ ಮಾತ್ರ ಇಲ್ಲಿ ಉತ್ತರ ಇಲ್ಲ. ಈ ಕಲೆಗಳನ್ನು ಕಣ್ಣಿಂದ ನೋಡಿದರೆ ಸಾಲದು, ಬೆರಳಿಂದ ಮುಟ್ಟಿ ನೋಡಬೇಕು. ಹತ್ತಿರದ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನನ್ನ ಮಗನಿಗೆ 7 ವರ್ಷ. ಜ್ವರ, ಹೊಟ್ಟೆನೋವು, ರಕ್ತ ಮಿಶ್ರಿತ ಭೇದಿ ಆಗಿತ್ತು. ಮಲ ಪರೀಕ್ಷೆಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಅಂತ ಬಂತು. ಒಂದು ವಾರದಲ್ಲಿ ಸರಿಹೋದ. ಆಮೇಲೆ ಸ್ವಲ್ಪ ದಿನಕ್ಕೆ ಎರಡೂ ಕಾಲಿನ ಮೇಲೆ ಕೆಂಪು-ನೇರಳೆ ಚುಕ್ಕೆಗಳು, ಹಿಮ್ಮಡಿಯ ಗಂಟು ಊದಿಕೊಂಡು ನಡೆಯೋಕೇ ಆಗ್ತಿಲ್ಲ. ಐಜಿಎ ವ್ಯಾಸ್ಕುಲೈಟಿಸ್ ಅಂದರು. ಕರುಳಿನಲ್ಲಿದ್ದ ಕ್ರಿಮಿ ಕಾಲಿಗೆ ಹೇಗೆ ಬಂತು?

ಉತ್ತರ: ಕ್ರಿಮಿ ಕಾಲಿಗೆ ಬಂದಿಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಂಡರೆ ಮುಂದಿನದೆಲ್ಲ ಸುಲಭ. ಆ ಚುಕ್ಕೆಯಿಂದ ಒಂದು ಚೂರು ಚರ್ಮ ತೆಗೆದು ಎಷ್ಟು ಹುಡುಕಿದರೂ ಅಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಸಿಗುವುದಿಲ್ಲ. ಸಿಗುವುದು ನಿಮ್ಮ ಮಗನ ಮೈಯೇ ತಯಾರಿಸಿದ ಐಜಿಎ ಎಂಬ ಪ್ರತಿಕಾಯ, ಅಂದರೆ ಸೋಂಕಿನ ವಿರುದ್ಧ ಹೋರಾಡಲು ದೇಹ ಮಾಡಿಕೊಳ್ಳುವ ಪ್ರೋಟೀನ್.

ಕರುಳಿನ ಒಳಪದರ ಹೊರಗಿನಿಂದ ಬರುವ ಎಲ್ಲದಕ್ಕೂ ಮೈಯೊಡ್ಡುವ ಜಾಗ. ಅಲ್ಲಿ ಕಾವಲಿಗೆಂದೇ ಇರುವುದು ಐಜಿಎ. ನಮ್ಮ ದೇಹ ದಿನವೂ ತಯಾರಿಸುವ ಐಜಿಎ ಪ್ರಮಾಣ, ಉಳಿದೆಲ್ಲ ಬಗೆಯ ಪ್ರತಿಕಾಯಗಳನ್ನು ಒಟ್ಟು ಸೇರಿಸಿದರೂ ಅದಕ್ಕಿಂತ ಜಾಸ್ತಿ. ಸೋಂಕು ಬಂದಾಗ ಇದರ ತಯಾರಿಕೆ ಇನ್ನೂ ಏರುತ್ತದೆ, ಅದು ಒಳ್ಳೆಯದೇ. ಆದರೆ ಕೆಲವರಲ್ಲಿ ಈ ಐಜಿಎಯ ಒಂದು ಬಗೆ, ಅಂದರೆ ಐಜಿಎ1, ಸರಿಯಾಗಿ ಪೂರ್ತಿಯಾಗಿರುವುದಿಲ್ಲ. ಅದರ ನಡುಭಾಗದಲ್ಲಿ ಅಂಟಿರಬೇಕಾದ ಗ್ಯಾಲಕ್ಟೋಸ್ ಎಂಬ ಸಕ್ಕರೆ ಅಲ್ಲಲ್ಲಿ ಕಮ್ಮಿ ಇರುತ್ತದೆ. ಹಾಗಿದ್ದಾಗ ದೇಹದ ಬೇರೆ ಪ್ರತಿಕಾಯಗಳು ಅದನ್ನೇ ಪರಕೀಯ ಅಂದುಕೊಂಡು ಹಿಡಿದುಕೊಳ್ಳುತ್ತವೆ. ಎರಡೂ ಸೇರಿ ಗಂಟುಗಂಟಾಗಿ ರಕ್ತದಲ್ಲಿ ತಿರುಗುತ್ತವೆ, ತೀರಾ ಸಣ್ಣ ರಕ್ತನಾಳಗಳ ಗೋಡೆಗೆ ಹೋಗಿ ಕೂರುತ್ತವೆ. ಅಲ್ಲಿ ಅವು ಕೂತದ್ದನ್ನು ಕಂಡು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತಿಕೊಳ್ಳುತ್ತವೆ, ಗೋಡೆ ಕೆಡುತ್ತದೆ, ಕೆಂಪು ರಕ್ತಕಣಗಳು ಹೊರಗೆ ಸೋರುತ್ತವೆ. ನೀವು ಕಾಲಿನ ಮೇಲೆ ನೋಡುತ್ತಿರುವ ಚುಕ್ಕೆ ಅಂದರೆ ಹೀಗೆ ಸೋರಿದ ರಕ್ತ. ಕಾಲೇ ಯಾಕೆ ಅಂದರೆ, ನಿಂತಾಗ ರಕ್ತದ ಒತ್ತಡ ಜಾಸ್ತಿ ಬೀಳುವುದು ಅಲ್ಲಿ. ಹಾಸಿಗೆಯಲ್ಲೇ ಇರುವ ಎಳೆ ಮಕ್ಕಳಲ್ಲಿ ಕುಂಡೆ, ಬೆನ್ನು, ಕೆಲವೊಮ್ಮೆ ಮುಖದ ಮೇಲೂ ಬರುತ್ತದೆ.

ಸೋಂಕು ಮುಗಿದ ಮೇಲೆ ಇದು ಶುರುವಾಗುವುದೂ ಇದೇ ಕಾರಣಕ್ಕೆ. ಪ್ರತಿಕಾಯ ಏರಲು, ಗಂಟು ಕಟ್ಟಲು ದಿನಗಳು ಬೇಕು. ಭೇದಿ ನಿಂತು ಒಂದೆರಡು ವಾರಕ್ಕೆ ಕಲೆ ಕಂಡರೆ "ಹೊಸ ಕಾಯಿಲೆ ಬಂತು" ಅನ್ನಿಸುತ್ತದೆ, ಆದರೆ ಅದು ಹಳೆಯದರದೇ ಬಾಲ.

ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಈ ಕಾಯಿಲೆ ಜಾಸ್ತಿ ಬರುವುದು ಮೂಗು, ಗಂಟಲಿನ ಸೋಂಕಿನ ನಂತರ. ಕರುಳಿನ ಸೋಂಕಿನ ನಂತರ ಬರುವುದು ಕಮ್ಮಿ. ಕ್ಯಾಂಪಿಲೋಬ್ಯಾಕ್ಟರ್, ಸಾಲ್ಮೊನೆಲ್ಲಾ, ಶಿಗೆಲ್ಲಾ, ಯರ್ಸಿನಿಯಾ, ಜಠರದ ಹೆಲಿಕೋಬ್ಯಾಕ್ಟರ್ ಪೈಲೋರಿ, ಇವೆಲ್ಲವುಗಳ ಜೊತೆ ಇದು ಕಾಣಿಸಿಕೊಂಡ ವರದಿಗಳಿವೆ. ಆದರೆ ಒಬ್ಬ ರೋಗಿಯಲ್ಲಿ ಇದೇ ಕ್ರಿಮಿಯಿಂದಲೇ ಬಂತು ಎಂದು ಆಣೆ ಮಾಡಿ ಹೇಳುವುದು ಕಷ್ಟ. ಕ್ಯಾಂಪಿಲೋಬ್ಯಾಕ್ಟರ್ ಬಂದ ಸಾವಿರಾರು ಮಕ್ಕಳು ಒಂದು ವಾರ ನರಳಿ ಎದ್ದು ಆಡಲು ಹೋಗುತ್ತಾರೆ, ಅಷ್ಟೇ. ಮತ್ತೆ ದಯವಿಟ್ಟು ಆ ದಿನ ಏನು ತಿನ್ನಿಸಿದೆ, ಯಾಕೆ ತಿನ್ನಿಸಿದೆ ಎಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಸೋಂಕು ಬರೀ ಕಿಡಿ, ಒಳಗಿನ ಒಲವು ಮೊದಲೇ ಇತ್ತು.

ನಿಮ್ಮ ಹಳೆಯ ರಿಪೋರ್ಟಿನಲ್ಲಿ ಹೆನಾಕ್-ಶ್ಯೋನ್‌ಲೈನ್ ಪರ್ಪ್ಯೂರಾ ಎಂದು ಬರೆದಿದ್ದರೆ ಗಾಬರಿ ಬೇಡ, ಅದೇ ಇದು. ಕಲೆ ಮತ್ತು ಕೀಲುನೋವಿನ ನಂಟನ್ನು 1837ರಲ್ಲಿ ಶ್ಯೋನ್‌ಲೈನ್ ಬರೆದರು, ಹೊಟ್ಟೆ ಮತ್ತು ಕಿಡ್ನಿಯ ತೊಂದರೆಯನ್ನು ಅದಕ್ಕೆ ಸೇರಿಸಿದವರು ಅವರ ಶಿಷ್ಯ ಹೆನಾಕ್. 2012ರಿಂದ ಐಜಿಎ ವ್ಯಾಸ್ಕುಲೈಟಿಸ್ ಎನ್ನುವುದು ಅಧಿಕೃತ ಹೆಸರು.

ಕೀಲಿನ ಊತ ನೋಡಿ ಹೆದರಿದ್ದೀರಿ, ಅಲ್ವಾ? ಅದು ನೋವು ಕೊಡುತ್ತದೆ, ಆದರೆ ಕೀಲನ್ನು ಹಾಳು ಮಾಡುವುದಿಲ್ಲ. ಬಂದ ಹಾಗೆ ಹೋಗುತ್ತದೆ. ನಾನು ಗಮನ ಇಡುವುದು ಬೇರೆ ಕಡೆ, ಮುಂದೆ ಬರುತ್ತೇನೆ.

ಪ್ರಶ್ನೆ: ಇಂಥ ಕಲೆ ಬಂದರೆ ರಾತ್ರೋರಾತ್ರಿ ಓಡಬೇಕಾ, ಬೆಳಿಗ್ಗೆ ತನಕ ಕಾಯಬಹುದಾ?

ಉತ್ತರ: ಒಂದು ಪಾರದರ್ಶಕ ಗಾಜಿನ ಲೋಟ ತೆಗೆದುಕೊಂಡು ಕಲೆಯ ಮೇಲೆ ಒತ್ತಿ ಹಿಡಿಯಿರಿ. ಅಲರ್ಜಿಯ ದದ್ದಾದರೆ ಸಾಮಾನ್ಯವಾಗಿ ಬಣ್ಣ ಮಾಸುತ್ತದೆ. ರಕ್ತ ಸೋರಿದ ಕಲೆ ಮಾಸುವುದಿಲ್ಲ. ಮಾಸದ ಕಲೆ ಜೊತೆಗೆ ಜೋರು ಜ್ವರ, ಮಂಕು, ಕುತ್ತಿಗೆ ಬಿಗಿತ, ನೋಡನೋಡುತ್ತಲೇ ಹರಡುತ್ತಿರುವ ಚುಕ್ಕೆಗಳು ಇದ್ದರೆ ಒಂದು ನಿಮಿಷವೂ ಕಾಯಬೇಡಿ. ಅದು ಮೆನಿಂಗೋಕಾಕಸ್ ಎಂಬ ಕ್ರಿಮಿ ರಕ್ತಕ್ಕೆ ಸೇರಿದ ಲಕ್ಷಣ ಇರಬಹುದು, ಗಂಟೆಗಳಲ್ಲಿ ಜೀವ ತೆಗೆಯುತ್ತದೆ. ಮಗು ಗೆಲುವಾಗಿದೆ, ಜ್ವರ ಇಲ್ಲ, ಕಾಲಲ್ಲಿ ಮಾತ್ರ ಕಲೆ ಇದೆ ಎಂದರೂ ಅದೇ ದಿನ ತೋರಿಸಿ, ಯಾಕೆಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳನ್ನು ಎಣಿಸಬೇಕು. ಐಜಿಎ ವ್ಯಾಸ್ಕುಲೈಟಿಸ್‌ನಲ್ಲಿ ಪ್ಲೇಟ್‌ಲೆಟ್ ಸರಿಯಾಗಿಯೇ ಇರುತ್ತದೆ, ಕೆಲವೊಮ್ಮೆ ಜಾಸ್ತಿಯೂ ಇರುತ್ತದೆ. ಕಮ್ಮಿ ಇದ್ದರೆ ಕಥೆಯೇ ಬೇರೆ.

ಪ್ರಶ್ನೆ: ಕ್ರಿಮಿಯಿಂದ ಬಂದದ್ದು ಅಂದ ಮೇಲೆ ಇನ್ನೊಂದು ಕೋರ್ಸ್ ಆ್ಯಂಟಿಬಯಾಟಿಕ್ ಕೊಟ್ಟರೆ ಬುಡಸಮೇತ ಹೋಗಲ್ವಾ? ಡಾಕ್ಟರು ಕೊಡೋಕೇ ಒಪ್ಪುತ್ತಿಲ್ಲ.

ಉತ್ತರ: ಒಪ್ಪದ ಡಾಕ್ಟರು ಸರಿಯಾಗಿದ್ದಾರೆ. ಕ್ರಿಮಿ ಇದ್ದಾಗ ಅದಕ್ಕೆ ಮದ್ದು. ಹೋದ ಮೇಲೆ ಮದ್ದು ಯಾರಿಗೆ? ಕರುಳಿನ ಸೋಂಕು ಇನ್ನೂ ಇದೆ, ಜೋರಾಗಿದೆ, ಮಲದ ಕಲ್ಚರ್‌ನಲ್ಲಿ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಬೆಳೆದಿದೆ ಎಂದರೆ ಆಗ ಬೇರೆ ಮಾತು. ಕ್ಯಾಂಪಿಲೋಬ್ಯಾಕ್ಟರ್‌ಗೆ ಅಜಿತ್ರೋಮೈಸಿನ್ ಕೊಡುತ್ತಾರೆ, ಹೆಲಿಕೋಬ್ಯಾಕ್ಟರ್ ಪೈಲೋರಿ ಇದ್ದರೆ ಅದಕ್ಕೂ ಚಿಕಿತ್ಸೆ ಇದೆ, ಅದನ್ನು ಪೂರ್ತಿ ಮಾಡಬೇಕು. ಆದರೆ ರಕ್ತನಾಳದ ಉರಿಯೂತಕ್ಕೆ ಅಂತ ಆ್ಯಂಟಿಬಯಾಟಿಕ್ ಇಲ್ಲ.

ಇನ್ನೊಂದು ತೊಡಕೂ ಇದೆ. ಪೆನಿಸಿಲಿನ್ ಗುಂಪಿನ, ಸಲ್ಫಾ ಗುಂಪಿನ ಆ್ಯಂಟಿಬಯಾಟಿಕ್‌ಗಳೇ ಕೆಲವರಲ್ಲಿ ಚರ್ಮದ ಸಣ್ಣ ರಕ್ತನಾಳಗಳ ಉರಿಯೂತ ತರುತ್ತವೆ, ಅದೂ ಮಾತ್ರೆ ಶುರು ಮಾಡಿದ 7ರಿಂದ 14 ದಿನದ ಸುಮಾರಿಗೆ. ಭೇದಿಗೆ ಮಾತ್ರೆ ತಿಂದ ಮೇಲೆ ಕಲೆ ಬಂದರೆ ತಪ್ಪು ಸೋಂಕಿನದೋ ಮಾತ್ರೆಯದೋ ಎಂದು ತಲೆಕೆಡಿಸಿಕೊಳ್ಳುವುದು ನಮ್ಮ ಕೆಲಸದ ದೊಡ್ಡ ಭಾಗ. ಆದ್ದರಿಂದ ತಿಂದ ಪ್ರತಿ ಮಾತ್ರೆಯ ಹೆಸರು, ಶುರು ಮಾಡಿದ ತಾರೀಖು ಚೀಟಿಯಲ್ಲಿ ಬರೆದು ತನ್ನಿ. "ಬಿಳಿ ಮಾತ್ರೆ, ದಿನಕ್ಕೆ ಎರಡು" ಎಂದರೆ ನಮಗೆ ಏನೂ ಗೊತ್ತಾಗುವುದಿಲ್ಲ!

ಪ್ರಶ್ನೆ: ನನಗೆ 34 ವರ್ಷ. ಭೇದಿ ಆಗಿ ವಾಸಿಯಾದ ಮೇಲೆ ಬಲಗಡೆ ಕೆಳಹೊಟ್ಟೆ ವಿಪರೀತ ನೋವು. ಅಪೆಂಡಿಕ್ಸ್ ಅಂದರು. ಸ್ಕ್ಯಾನ್‌ನಲ್ಲಿ ಸಣ್ಣ ಕರುಳಿನ ಕೊನೆ ಊದಿದೆ ಅಂತ ಬಂದಾಗ ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆ) ಇರಬಹುದು ಅಂದರು. ನಾಲ್ಕು ದಿನದ ಮೇಲೆ ಕಾಲಲ್ಲಿ ಕಲೆ ಎದ್ದವು, ಆಗ ವ್ಯಾಸ್ಕುಲೈಟಿಸ್ ಅಂದರು. ಮೂರರಲ್ಲಿ ಯಾವುದು ನಿಜ?

ಉತ್ತರ: ಕೊನೆಯದು ನಿಜ ಇರುವ ಸಾಧ್ಯತೆ ಜಾಸ್ತಿ. ಮೊದಲ ಎರಡನ್ನು ಹೇಳಿದವರನ್ನೂ ನಾನು ದೂರುವುದಿಲ್ಲ. ಕಲೆ ಬರುವ ಮೊದಲೇ ಹೊಟ್ಟೆನೋವು ಬಂದುಬಿಟ್ಟರೆ ಈ ಕಾಯಿಲೆ ಎಂಥವರನ್ನೂ ದಾರಿ ತಪ್ಪಿಸುತ್ತದೆ. ಕರುಳಿನ ಗೋಡೆಯ ಸಣ್ಣ ರಕ್ತನಾಳಗಳಲ್ಲೂ ಅದೇ ಉರಿಯೂತ, ಅದೇ ಸೋರಿಕೆ. ಗೋಡೆ ಊದುತ್ತದೆ, ನೋವು ಬಿಟ್ಟುಬಿಟ್ಟು ಹಿಂಡುತ್ತದೆ, ಊಟ ಮಾಡಿದ ಮೇಲೆ ಜಾಸ್ತಿ. ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಹೋಗುತ್ತಿರುತ್ತದೆ. ಯರ್ಸಿನಿಯಾ ಅಂಥ ಸೋಂಕು ಇದ್ದರಂತೂ ಅದು ತಾನೇ ಅಪೆಂಡಿಕ್ಸ್‌ನ ವೇಷ ಹಾಕುತ್ತದೆ, ಸಣ್ಣ ಕರುಳಿನ ಕೊನೆಯನ್ನೇ ಊದಿಸುತ್ತದೆ. ಕಲೆ ಎದ್ದ ಮೇಲೆ ಎಲ್ಲರೂ ಬುದ್ಧಿವಂತರೇ.

ಕಲೆಯ ಬಯಾಪ್ಸಿ ಮಾಡಿಸಿದ್ದೀರಾ ಎಂದು ಪತ್ರದಲ್ಲಿ ಇಲ್ಲ. ಮಕ್ಕಳಲ್ಲಿ ಮಾಮೂಲು ಜಾಗದಲ್ಲಿ ಮಾಮೂಲು ಕಲೆ ಇದ್ದರೆ ಬಯಾಪ್ಸಿ ಬೇಡ ಎನ್ನುತ್ತೇವೆ, ದೊಡ್ಡವರಲ್ಲಿ ಮಾಡಿಸುವುದೇ ಒಳ್ಳೆಯದು. ಹೊಸದಾಗಿ ಎದ್ದ ಕಲೆಯಿಂದ ಎರಡು ಚೂರು ತೆಗೆಯಬೇಕು. ಒಂದು ಸಾಮಾನ್ಯ ಮೈಕ್ರೋಸ್ಕೋಪಿಗೆ, ಇನ್ನೊಂದು ಇಮ್ಯುನೋಫ್ಲೋರೆಸೆನ್ಸ್‌ಗೆ. ಎರಡನೆಯದು ಮಾಡದಿದ್ದರೆ ರಕ್ತನಾಳದ ಗೋಡೆಯಲ್ಲಿ ಐಜಿಎ ಕೂತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕಲೆ ಹಳೆಯದಾದರೆ ಐಜಿಎ ಸಿಗದೆ ಹೋಗಬಹುದು, ಹಾಗಾಗಿ "ಮುಂದಿನ ವಾರ ಬರ್ತೀನಿ" ಅನ್ನಬೇಡಿ. ಇನ್ನು ರಕ್ತದಲ್ಲಿ ಐಜಿಎ ಎಷ್ಟಿದೆ ಎಂದು ನೋಡುವ ಪರೀಕ್ಷೆಯನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಕಾಯಿಲೆ ಇರುವವರಲ್ಲೇ ಎಷ್ಟೋ ಮಂದಿಗೆ ಅದು ನಾರ್ಮಲ್ ಬರುತ್ತದೆ.

ದೊಡ್ಡವರಲ್ಲಿ ಇನ್ನೂ ಕೆಲವು ರಕ್ತಪರೀಕ್ಷೆ ಬೇಕು: ಆಂಕಾ (ಬೇರೆ ಬಗೆಯ ವ್ಯಾಸ್ಕುಲೈಟಿಸ್‌ನಲ್ಲಿ ಕಾಣುವ ಪ್ರತಿಕಾಯ), ಹೆಪಟೈಟಿಸ್ ಬಿ ಮತ್ತು ಸಿ, ಕ್ರಯೋಗ್ಲೋಬ್ಯುಲಿನ್ (ತಂಪಿನಲ್ಲಿ ಗಟ್ಟಿಯಾಗುವ ಪ್ರತಿಕಾಯ), ಕಾಂಪ್ಲಿಮೆಂಟ್ (ರೋಗನಿರೋಧಕ ವ್ಯವಸ್ಥೆಯ ಪ್ರೋಟೀನ್‌ಗಳು). ಕಲೆ ಒಂದೇ ಥರ ಕಂಡರೂ ಒಳಗಿನ ಕಾಯಿಲೆ ಬೇರೆ ಇರಬಹುದು, ಆಗ ಚಿಕಿತ್ಸೆಯೂ ಬೇರೆ. ಮತ್ತೆ ನಿಮ್ಮ ವಯಸ್ಸಿನಲ್ಲಿ ಕಿಡ್ನಿಗೆ ಪೆಟ್ಟು ಬೀಳುವುದು ಮಕ್ಕಳಿಗಿಂತ ಜಾಸ್ತಿ. ಕ್ರೋನ್ಸ್ ಔಷಧಿ ಶುರು ಮಾಡಿದ್ದರೆ ಅದು ಮುಂದುವರಿಯಬೇಕೇ ಎಂದು ಕೇಳಿ, ನೀವಾಗಿಯೇ ಬಿಡಬೇಡಿ.

ಪ್ರಶ್ನೆ: ಮಗಳ ಕಲೆಗಳೆಲ್ಲ ಹೋದವು. ಶಾಲೆಗೂ ಹೋಗ್ತಿದ್ದಾಳೆ. ಆದರೂ ಆರು ತಿಂಗಳು ಮೂತ್ರ ಪರೀಕ್ಷೆ ಮಾಡಿಸ್ತಾ ಇರಿ ಅಂದಿದ್ದಾರೆ. ಪ್ರತಿ ಸಲ ನಾರ್ಮಲ್ಲೇ ಬರ್ತಿದೆ. ಇದು ಸುಮ್ನೆ ದುಡ್ಡು ಮಾಡೋ ದಾರಿ ಅನ್ನಿಸ್ತಿದೆ. ಬಿಟ್ಟರೆ ಏನಾಗುತ್ತೆ?

ಉತ್ತರ: ಬಿಡಬೇಡಿ. ಈ ಇಡೀ ಅಂಕಣದಲ್ಲಿ ಒಂದೇ ಒಂದು ಉತ್ತರ ಓದಿ ಪುಟ ತಿರುಗಿಸುವುದಾದರೆ ಇದನ್ನು ಓದಿ.

ಕಲೆ ಕಣ್ಣಿಗೆ ಕಾಣುತ್ತದೆ, ಕೀಲು ನೋಯುತ್ತದೆ, ಹೊಟ್ಟೆ ಹಿಂಡುತ್ತದೆ. ಕಿಡ್ನಿ ಮಾತ್ರ ಏನೂ ಹೇಳುವುದಿಲ್ಲ. ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ರಕ್ತನಾಳಗಳ ಗೊಂಚಲುಗಳಲ್ಲಿ ಅದೇ ಐಜಿಎ ಕೂತು ಉರಿಯೂತ ಆಗುತ್ತಿರುವಾಗ ಮಗು ಓಡಾಡುತ್ತಿರುತ್ತದೆ, ಚೆನ್ನಾಗಿ ಊಟ ಮಾಡುತ್ತಿರುತ್ತದೆ. ನೋವಿಲ್ಲ, ಉರಿಯಿಲ್ಲ. ಮೂತ್ರದಲ್ಲಿ ಮೈಕ್ರೋಸ್ಕೋಪಿಗೆ ಮಾತ್ರ ಕಾಣುವಷ್ಟು ಕೆಂಪು ಕಣಗಳು, ಸ್ವಲ್ಪ ಪ್ರೋಟೀನ್, ಅಷ್ಟೇ ಸುಳಿವು. ಈ ಕಾಯಿಲೆ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಯಾವುದಾದರೂ ಮಟ್ಟದಲ್ಲಿ ಕಿಡ್ನಿ ಸೇರಿಕೊಳ್ಳುತ್ತದೆ. ಅದರಲ್ಲಿ ಬಹುಪಾಲು ತಾನಾಗಿಯೇ ಸರಿಹೋಗುವಂಥದ್ದು. ಹೋಗದ ಕೆಲವರನ್ನು ಹುಡುಕುವುದಕ್ಕೇ ಈ ಪರೀಕ್ಷೆ.

ಆರು ತಿಂಗಳೇ ಯಾಕೆ? ಅದು ಯಾರೋ ಬಾಯಿಗೆ ಬಂದಂತೆ ಹೇಳಿದ ಲೆಕ್ಕ ಅಲ್ಲ. ಕಿಡ್ನಿ ತೊಂದರೆ ಬರುವ ಮಕ್ಕಳಲ್ಲಿ ಸುಮಾರು 85 ಶೇಕಡಾ ಮಂದಿಗೆ ಮೊದಲ 4 ವಾರದೊಳಗೇ ಅದು ಮೂತ್ರದಲ್ಲಿ ಕಾಣುತ್ತದೆ, 6 ತಿಂಗಳಾಗುವಷ್ಟರಲ್ಲಿ 97 ಶೇಕಡಾ ಮಂದಿಗೆ ಕಂಡಿರುತ್ತದೆ. 6 ತಿಂಗಳು ಪ್ರತಿ ಸಲ ನಾರ್ಮಲ್ ಬಂದರೆ ಆಮೇಲೆ ನಿಶ್ಚಿಂತೆಯಿಂದ ಬಿಡಬಹುದು. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಹೀಗೆ ಅಂತರ ಹೆಚ್ಚಿಸುತ್ತಾ ಹೋಗುತ್ತಾರೆ. ನಿಖರವಾದ ವೇಳಾಪಟ್ಟಿ ಒಬ್ಬೊಬ್ಬ ವೈದ್ಯರದು ಒಂದೊಂದು ಥರ ಇರುತ್ತದೆ, ಅದಕ್ಕೆ ಜಗಳ ಬೇಡ. ದುಬಾರಿ ಪರೀಕ್ಷೆ ಬೇಕಿಲ್ಲ. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರಕ್ಕೆ ಅದ್ದಿ ನೋಡುವ ಪಟ್ಟಿ ಸಾಕು, ಮನೆಯಲ್ಲೇ ನೋಡಲೂ ಕಲಿಸಿಕೊಡುತ್ತಾರೆ. ಜೊತೆಗೆ ಬಿಪಿ. ಮಕ್ಕಳ ಬಿಪಿಯನ್ನು ಮಕ್ಕಳ ಅಳತೆಯ, ತೋಳಿಗೆ ಸುತ್ತುವ ಪಟ್ಟಿಯಲ್ಲೇ ನೋಡಬೇಕು, ಮತ್ತು ವಯಸ್ಸು, ಎತ್ತರಕ್ಕೆ ತಕ್ಕ ನಾರ್ಮಲ್‌ಗೆ ಹೋಲಿಸಬೇಕು. ದೊಡ್ಡವರ 120/80 ಇಲ್ಲಿ ನಡೆಯುವುದಿಲ್ಲ. "ಮಕ್ಕಳಿಗೆಂಥ ಬಿಪಿ" ಎಂದು ಯಾರಾದರೂ ಅಂದರೆ ನೀವೇ ಕೇಳಿ ನೋಡಿಸಿ.

ಮೂತ್ರಕ್ಕೆ ಅದ್ದಿದ ಪಟ್ಟಿಯಲ್ಲಿ ಪ್ರೋಟೀನ್ ಕಂಡರೆ ಲ್ಯಾಬಿನಲ್ಲಿ ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ, ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ತ್ಯಾಜ್ಯ) ಮಾಡಿಸುತ್ತಾರೆ. ಅದು ಏರುತ್ತಾ ಹೋದರೆ, ಅಥವಾ ಇಳಿಯದೆ ಹಾಗೇ ಕೂತರೆ, ಕಿಡ್ನಿ ಬಯಾಪ್ಸಿ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿತು, ನೊರೆ ನೊರೆ ಬರುತ್ತಿದೆ, ಬೆಳಿಗ್ಗೆ ಕಣ್ಣಿನ ಸುತ್ತ ಊತ ಇದೆ ಎಂದರೆ ಮುಂದಿನ ಪರೀಕ್ಷೆಯ ದಿನಕ್ಕೆ ಕಾಯಬೇಡಿ.

ಮಗಳು ಅಂದಿದ್ದಕ್ಕೆ ಇನ್ನೊಂದು ಮಾತು. ಚಿಕ್ಕವಳಿದ್ದಾಗ ಈ ಕಾಯಿಲೆಯಿಂದ ಕಿಡ್ನಿ ಕೆಟ್ಟು ಪೂರ್ತಿ ವಾಸಿಯಾದವರಲ್ಲೂ, ಮುಂದೆ ಬಸುರಿಯಾದಾಗ ಬಿಪಿ ಏರುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಕಂಡಿದೆ. ನಿಮ್ಮ ಮಗಳ ಮೂತ್ರ ಯಾವತ್ತೂ ಕೆಟ್ಟಿಲ್ಲವಾದ್ದರಿಂದ ಚಿಂತೆ ಬೇಡ, ಆದರೆ ಫೈಲು ಎಸೆಯಬೇಡಿ.

ಪ್ರಶ್ನೆ: ಸ್ಟಿರಾಯ್ಡ್ ಕೊಟ್ಟರೆ ಕಿಡ್ನಿಗೆ ಬರದಂತೆ ತಡೆಯಬಹುದು ಅಂತ ಕೇಳಿದೆ. ನಮ್ಮ ಮಗುವಿಗೆ ಕೊಟ್ಟೇ ಇಲ್ಲ. ಬೇರೆ ಕಡೆ ತೋರಿಸಲಾ?

ಉತ್ತರ: ಹಿಂದೆ ನಾವೂ ಹಾಗೇ ನಂಬಿದ್ದೆವು. ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶುರುವಿನಲ್ಲೇ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್, ಇನ್ನೊಂದಕ್ಕೆ ಬರೀ ಸಕ್ಕರೆ ಮಾತ್ರೆಯಂಥದ್ದು ಕೊಟ್ಟು ಹೋಲಿಸಿ ನೋಡಿದರು. ಕಿಡ್ನಿ ತೊಂದರೆ ತಡೆಯುವುದರಲ್ಲಿ ವ್ಯತ್ಯಾಸ ಬರಲಿಲ್ಲ. ಹಾಗಾಗಿ ಮುನ್ನೆಚ್ಚರಿಕೆಗೆ ಅಂತ ಸ್ಟಿರಾಯ್ಡ್ ಕೊಡುವುದು ಈಗ ನಿಂತಿದೆ.

ಹಾಗಂತ ಸ್ಟಿರಾಯ್ಡ್ ಬೇಡವೇ ಬೇಡ ಎಂದೂ ಅಲ್ಲ. ಹೊಟ್ಟೆನೋವಿನಿಂದ ಮಗು ಮುದುಡಿಕೊಂಡು ಅಳುತ್ತಿದ್ದರೆ, ಕರುಳಿನಿಂದ ರಕ್ತ ಹೋಗುತ್ತಿದ್ದರೆ ಕೊಡುತ್ತೇವೆ, ನೋವು ಬೇಗ ಇಳಿಯುತ್ತದೆ. ಕಿಡ್ನಿ ಬಯಾಪ್ಸಿಯಲ್ಲಿ ಜೋರಾದ ಉರಿಯೂತ ಕಂಡರೆ ಕೊಡಲೇಬೇಕು, ಜೊತೆಗೆ ಇನ್ನೂ ಬಲವಾದ ಔಷಧಿಗಳು ಬೇಕಾಗಬಹುದು. ಬರೀ ಕಲೆ ಮತ್ತು ಕೀಲುನೋವಿಗೆ ವಿಶ್ರಾಂತಿ, ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಕೀಲಿಗೆ ಒಳ್ಳೆಯದೇ, ಆದರೆ ಕಿಡ್ನಿ ಕೆಟ್ಟಿದ್ದರೆ ಅಥವಾ ಮಲದಲ್ಲಿ ರಕ್ತ ಇದ್ದರೆ ಮುಟ್ಟಬೇಡಿ. ಅಂಗಡಿಯಿಂದ ತಂದು ನುಂಗಿಸುವ ಮೊದಲು ಕೇಳಿ.

ಹೊಟ್ಟೆನೋವಿನ ಬಗ್ಗೆ ಒಂದು ಎಚ್ಚರಿಕೆ. ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಳ್ಳುವುದು ಈ ಮಕ್ಕಳಲ್ಲಿ ಅಪರೂಪಕ್ಕೆ ಆಗುತ್ತದೆ. ನೋವು ತಡೆಯಲಾಗದಷ್ಟಾಗಿ ಹಸಿರು ವಾಂತಿ ಆದರೆ, ಜೆಲ್ಲಿಯಂಥ ರಕ್ತದ ಮಲ ಹೋದರೆ ತಕ್ಷಣ ಆಸ್ಪತ್ರೆ, ಅಲ್ಟ್ರಾಸೌಂಡ್. ಹುಡುಗರಲ್ಲಿ ವೃಷಣ ಊದಿ ನೋಯಬಹುದು. ನಾಚಿಕೆಯಿಂದ ಹೇಳುವುದಿಲ್ಲ, ನೀವೇ ಕೇಳಿ.

ಪ್ರಶ್ನೆ: ನಮ್ಮ ತಂದೆಗೆ 68, ಸಕ್ಕರೆ ಕಾಯಿಲೆ ಇದೆ. ಸಾಲ್ಮೊನೆಲ್ಲಾ ಭೇದಿ ಆಗಿತ್ತು. ಭೇದಿ ನಿಂತರೂ ಜ್ವರ ಬಿಡಲಿಲ್ಲ, ಬೆನ್ನುನೋವು ಶುರುವಾಯ್ತು. ಸಿಟಿ ಸ್ಕ್ಯಾನ್‌ನಲ್ಲಿ ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಗೋಡೆ ಊದಿದೆ ಅಂತ ಬಂದಿದೆ. ಇದೂ ವ್ಯಾಸ್ಕುಲೈಟಿಸ್ಸೇ ಅಲ್ವಾ, ಸ್ಟಿರಾಯ್ಡ್ ಯಾಕೆ ಕೊಡ್ತಿಲ್ಲ?

ಉತ್ತರ: ಕೊಡದೇ ಇರುವುದೇ ನಿಮ್ಮ ತಂದೆಯ ಪುಣ್ಯ. ಮೇಲಿನ ಮಗುವಿನ ವಿಷಯದಲ್ಲಿ ಕ್ರಿಮಿ ಕಾಲಿಗೆ ಬಂದಿಲ್ಲ ಎಂದೆ. ಇಲ್ಲಿ ಕ್ರಿಮಿ ನಿಜವಾಗಿಯೂ ಬಂದಿದೆ. ಸಾಲ್ಮೊನೆಲ್ಲಾ ಕೆಲವೊಮ್ಮೆ ಕರುಳು ದಾಟಿ ರಕ್ತಕ್ಕೆ ಸೇರುತ್ತದೆ. ವಯಸ್ಸಾದವರ ಮಹಾಪಧಮನಿಯ ಒಳಗೋಡೆ ಕೊಬ್ಬು ಕಟ್ಟಿ ಒರಟಾಗಿರುತ್ತದೆ, ಅಲ್ಲಿ ಈ ಕ್ರಿಮಿ ಮನೆ ಮಾಡಿಕೊಳ್ಳುತ್ತದೆ. ಗೋಡೆಯನ್ನೇ ತಿಂದು ಬಲೂನಿನ ಹಾಗೆ ಉಬ್ಬಿಸುತ್ತದೆ, ಒಡೆದರೆ ಬದುಕುವುದು ಕಷ್ಟ. ಇದಕ್ಕೆ ರಕ್ತನಾಳದ ಮೂಲಕ ವಾರಗಟ್ಟಲೆ ಆ್ಯಂಟಿಬಯಾಟಿಕ್ ಬೇಕು, ಬಹಳ ಸಲ ಶಸ್ತ್ರಚಿಕಿತ್ಸೆಯೂ ಬೇಕು. ಇಲ್ಲಿ ಸ್ಟಿರಾಯ್ಡ್ ಕೊಡುವುದು ಕ್ರಿಮಿಗೆ ಬಾಗಿಲು ತೆರೆದ ಹಾಗೆ.

ಶಸ್ತ್ರಚಿಕಿತ್ಸೆ ಅಂದಾಗ "ಈ ವಯಸ್ಸಲ್ಲಿ ಬೇಡ" ಎಂದು ಮನೆಯವರು ಹಿಂದೆ ಸರಿಯುವುದನ್ನು ತುಂಬಾ ನೋಡಿದ್ದೇನೆ. ನಿರ್ಧಾರ ನಿಮ್ಮದು, ಆದರೆ ರಕ್ತನಾಳದ ಸರ್ಜನ್ ಜೊತೆ ಇವತ್ತೇ ಮಾತಾಡಿ, ನಾಳೆಗೆ ಇಡಬೇಡಿ. ಉಳಿದ ಓದುಗರಿಗೆ: 50 ದಾಟಿದವರಿಗೆ ಸಾಲ್ಮೊನೆಲ್ಲಾ ಆಗಿ, ಭೇದಿ ನಿಂತ ಮೇಲೂ ಜ್ವರ ಬರುತ್ತಿದ್ದು, ಬೆನ್ನೋ ಹೊಟ್ಟೆಯೋ ಎದೆಯೋ ನೋಯುತ್ತಿದ್ದರೆ ರಕ್ತದ ಕಲ್ಚರ್ ಮತ್ತು ಸ್ಕ್ಯಾನ್ ಬೇಕೇ ಬೇಕು.

ಪ್ರಶ್ನೆ: ಎಚ್‌ಯುಎಸ್ ಅಂತಾರಲ್ಲ, ಅದೂ ಭೇದಿ ಆದ ಮೇಲೆ ಕಿಡ್ನಿ ಹೋಗೋದೇ. ಎರಡೂ ಒಂದೇನಾ?

ಉತ್ತರ: ಅಲ್ಲ. ಎಚ್‌ಯುಎಸ್ ಅಂದರೆ ಹೀಮೋಲಿಟಿಕ್ ಯುರೀಮಿಕ್ ಸಿಂಡ್ರೋಮ್. ಕೆಲವು ಬಗೆಯ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ, ಅದರಲ್ಲೂ ಒ157 ತಳಿ, ಶಿಗಾ ಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಆ ವಿಷ ರಕ್ತದಲ್ಲಿ ಸಾಗಿ ಕಿಡ್ನಿಯ ಸಣ್ಣ ರಕ್ತನಾಳಗಳ ಒಳಪದರವನ್ನು ಸುಡುತ್ತದೆ, ಅಲ್ಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಪ್ಲೇಟ್‌ಲೆಟ್ ಅಲ್ಲೇ ಖರ್ಚಾಗಿ ಕಮ್ಮಿಯಾಗುತ್ತದೆ, ಕೆಂಪು ಕಣಗಳು ಒಡೆಯುತ್ತವೆ, ಮೂತ್ರ ಕಮ್ಮಿಯಾಗುತ್ತದೆ. ಭೇದಿ ಶುರುವಾಗಿ ಸುಮಾರು ಒಂದು ವಾರಕ್ಕೆ ಮಗು ಬಿಳಿಚಿಕೊಂಡು ಸುಸ್ತಾದರೆ ಇದನ್ನು ನೆನೆಯಬೇಕು. ಐಜಿಎ ವ್ಯಾಸ್ಕುಲೈಟಿಸ್‌ನಲ್ಲಿ ಪ್ಲೇಟ್‌ಲೆಟ್ ಇಳಿಯುವುದಿಲ್ಲ ಎಂದೆನಲ್ಲ, ಅದನ್ನು ಮೊದಲು ಎಣಿಸುವುದು ಇದಕ್ಕೂ ಸೇರಿಯೇ.

2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಒ104 ಎಂಬ ತಳಿ ಹಬ್ಬಿ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 800ಕ್ಕೂ ಹೆಚ್ಚು ಮಂದಿಗೆ ಎಚ್‌ಯುಎಸ್ ಆಯಿತು, 50ಕ್ಕೂ ಹೆಚ್ಚು ಸಾವು. ಮಕ್ಕಳ ಕಾಯಿಲೆ ಎಂದುಕೊಂಡಿದ್ದು ಅಲ್ಲಿ ಜಾಸ್ತಿ ಬಡಿದದ್ದು ದೊಡ್ಡವರಿಗೆ, ಅದರಲ್ಲೂ ಹೆಂಗಸರಿಗೆ. ಮೊದಲು ಸೌತೆಕಾಯಿಯ ಮೇಲೆ ಗೂಬೆ ಕೂರಿಸಿದರು, ಕೊನೆಗೆ ಮೂಲ ಸಿಕ್ಕಿದ್ದು ಮೆಂತೆಯ ಮೊಳಕೆಕಾಳಿನಲ್ಲಿ. ರಕ್ತಭೇದಿ ಆದಾಗ ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿಯೇ ತಿನ್ನಬೇಡಿ. ಒ157 ಎಂದು ಗೊತ್ತಾದರೆ ಆ್ಯಂಟಿಬಯಾಟಿಕ್ ಕೂಡ ಸಾಮಾನ್ಯವಾಗಿ ಕೊಡುವುದಿಲ್ಲ.

ಪ್ರಶ್ನೆ: ನನಗೆ ಜಿಪಿಎ (ವ್ಯಾಸ್ಕುಲೈಟಿಸ್‌ನ ಇನ್ನೊಂದು ಬಗೆ) ಇದೆ. ರೋಗನಿರೋಧಕ ಶಕ್ತಿ ತಗ್ಗಿಸುವ ರಿಟುಕ್ಸಿಮ್ಯಾಬ್ ಚುಚ್ಚುಮದ್ದು ಆಗಿದೆ, ದಿನವೂ ಪ್ರೆಡ್ನಿಸೊಲೋನ್ ತಗೋತೀನಿ. ಈಗ ಎರಡು ದಿನದಿಂದ ವಾಂತಿ ಭೇದಿ. ಮಾತ್ರೆ ನಿಲ್ಲಿಸಿ ಹೊಟ್ಟೆಗೆ ರೆಸ್ಟ್ ಕೊಡಲಾ?

ಉತ್ತರ: ಪ್ರೆಡ್ನಿಸೊಲೋನ್ ನಿಲ್ಲಿಸಲೇಬೇಡಿ. ತಿಂಗಳುಗಟ್ಟಲೆ ಅದನ್ನು ತಿಂದಿದ್ದರೆ ನಿಮ್ಮ ದೇಹ ತನ್ನದೇ ಸ್ಟಿರಾಯ್ಡ್ ಮಾಡುವುದನ್ನು ಕಮ್ಮಿ ಮಾಡಿರುತ್ತದೆ. ಒಮ್ಮೆಲೇ ನಿಂತರೆ ಬಿಪಿ ಕುಸಿದು ಪ್ರಜ್ಞೆ ತಪ್ಪಬಹುದು. ಕಾಯಿಲೆ ಬಿದ್ದಾಗ ಸಾಮಾನ್ಯವಾಗಿ ಡೋಸ್ ಜಾಸ್ತಿ ಬೇಕಾಗುತ್ತದೆ, ಕಮ್ಮಿಯಲ್ಲ. ನುಂಗಿದ ಮಾತ್ರೆ ವಾಂತಿಯಲ್ಲಿ ಹೋಗುತ್ತಿದ್ದರೆ ಇಂಜೆಕ್ಷನ್ ಬೇಕು, ಇದು ಆಸ್ಪತ್ರೆಗೆ ಹೋಗುವ ಕಾರಣ. ಮಲದ ಕಲ್ಚರ್ ಮಾಡಿಸಿ, ಯಾಕೆಂದರೆ ನಿಮ್ಮಲ್ಲಿ ಸಾಲ್ಮೊನೆಲ್ಲಾದಂಥದ್ದು ರಕ್ತಕ್ಕೆ ಇಳಿಯುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಅಜಾಥಯೊಪ್ರಿನ್, ಮೆಥೊಟ್ರೆಕ್ಸೇಟ್ ಥರದ ಬೇರೆ ಮಾತ್ರೆ ಇದ್ದರೆ ಅವನ್ನು ಸೋಂಕು ಇಳಿಯುವವರೆಗೆ ನಿಲ್ಲಿಸಬೇಕೇ ಎಂದು ನಿಮ್ಮ ವೈದ್ಯರಿಗೆ ಫೋನ್ ಮಾಡಿ ಕೇಳಿ. ಇನ್ನೊಂದು: ಟೈಫಾಯ್ಡ್ ಲಸಿಕೆ ಬೇಕಾದರೆ ಚುಚ್ಚುಮದ್ದಿನದ್ದೇ ಇರಲಿ. ಬಾಯಿಗೆ ಕೊಡುವ ಕ್ಯಾಪ್ಸೂಲಿನಲ್ಲಿ ಜೀವಂತ ಕ್ರಿಮಿ ಇರುತ್ತದೆ, ನಿಮಗೆ ಆಗುವುದಿಲ್ಲ. ಈ ಪತ್ರ ಬಂದ ದಿನವೇ ನಿಮಗೆ ಪ್ರತ್ಯೇಕವಾಗಿ ಉತ್ತರ ಕಳಿಸಿದ್ದೆ, ಉಳಿದವರಿಗಾಗಿ ಇಲ್ಲಿ ಮತ್ತೆ ಹಾಕಿದ್ದೇನೆ.

ಪ್ರಶ್ನೆ: ಇದು ಒಬ್ಬರಿಂದ ಒಬ್ಬರಿಗೆ ಹರಡುತ್ತಾ?

ಉತ್ತರ: ಕಲೆ ಹರಡುವುದಿಲ್ಲ. ಭೇದಿಯ ಕ್ರಿಮಿ ಹರಡುತ್ತದೆ, ಭೇದಿ ನಿಂತ ಮೇಲೂ ಕೆಲವು ವಾರ ಮಲದಲ್ಲಿ ಹೋಗುತ್ತಿರಬಹುದು. ಸೋಪು ಹಾಕಿ ಕೈ ತೊಳೆಯಿರಿ.

ಪ್ರಶ್ನೆ: ಹಾಲು, ಗೋಧಿ, ಮೊಟ್ಟೆ ಬಿಡಿಸಿದ್ದೇವೆ. ಕರುಳು ಶುದ್ಧಿ ಮಾಡುವ ಪುಡಿಯನ್ನೂ ಕೊಡ್ತಿದ್ದೇವೆ. ಇನ್ನೇನು ಬಿಡಿಸಬೇಕು?

ಉತ್ತರ: ಮೊದಲು ಆ ಪುಡಿ ಬಿಡಿಸಿ. ಅದರಲ್ಲಿ ಏನಿದೆ ಎಂದು ಡಬ್ಬಿಯ ಮೇಲೂ ಸರಿಯಾಗಿ ಬರೆದಿರುವುದಿಲ್ಲ, ಕಿಡ್ನಿ ಕಣ್ಣಿಟ್ಟು ನೋಡುತ್ತಿರುವ ಹೊತ್ತಿನಲ್ಲಿ ಗೊತ್ತಿಲ್ಲದ್ದನ್ನು ಯಾಕೆ ಕೊಡಬೇಕು? ಹಾಲು, ಗೋಧಿ, ಮೊಟ್ಟೆ ಬಿಟ್ಟರೆ ಈ ಕಾಯಿಲೆ ಇಳಿಯುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಬೆಳೆಯುವ ಮಗು, ಎಲ್ಲ ತಿನ್ನಲಿ. ಬಿಪಿ ಏರಿದ್ದರೆ, ಊತ ಇದ್ದರೆ, ಸ್ಟಿರಾಯ್ಡ್ ನಡೆಯುತ್ತಿದ್ದರೆ ಉಪ್ಪು ಕಮ್ಮಿ ಮಾಡಿ. ಹೊಟ್ಟೆನೋವು ಜೋರಿದ್ದ ದಿನ ಮೆತ್ತಗಿನ ಊಟ. ಮಾಂಸ ಪೂರ್ತಿ ಬೇಯಿಸಿದ್ದಿರಲಿ, ಹಾಲು ಕಾಯಿಸಿದ್ದಿರಲಿ, ಹಸಿ ಕೋಳಿಮಾಂಸ ಕತ್ತರಿಸಿದ ಚಾಕು-ಮಣೆಯಲ್ಲೇ ತರಕಾರಿ ಹೆಚ್ಚಬೇಡಿ. ಕ್ಯಾಂಪಿಲೋಬ್ಯಾಕ್ಟರ್ ಜಾಸ್ತಿ ಬರುವ ದಾರಿ ಅದೇ.

ಪ್ರಶ್ನೆ: ಮತ್ತೆ ಬರುತ್ತಾ?

ಉತ್ತರ: ಸುಮಾರು ಮೂವರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ, ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ. ಸಾಮಾನ್ಯವಾಗಿ ಮೊದಲ ಸಲಕ್ಕಿಂತ ಹಗುರವಾಗಿ ಬಂದು ಹೋಗುತ್ತದೆ, ಬರೀ ನಾಲ್ಕು ಚುಕ್ಕೆ ಎದ್ದು ಮಾಯವಾಗುವುದೂ ಉಂಟು. ಚುಕ್ಕೆ ಎಷ್ಟೇ ಕಮ್ಮಿ ಇರಲಿ, ಮತ್ತೆ ಬಂದರೆ ಮೂತ್ರ ಪರೀಕ್ಷೆಯ ಲೆಕ್ಕವನ್ನು ಆ ದಿನದಿಂದ ಹೊಸದಾಗಿ ಶುರು ಮಾಡಿ.